ಸಲೈನ್ ಏರಿಸಿಕೊಂಡ ಆಲದ ಮರ

ಪಾಲಮೂರಿನ ಪಿಲ್ಲಲಮರ್ರಿ ನಮ್ಮ ಊರ ಕಟ್ಟೆಗೆ ಹೇಳುವ ಪಾಠ

ಆಸ್ಪತ್ರೆಯ ಮಂಚದ ಮೇಲೆ ಮಲಗಿದ ರೋಗಿಗೆ ಸಲೈನ್ ಏರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಮರಕ್ಕೆ ಸಲೈನ್ ಏರಿಸಿದ್ದನ್ನು ಕಂಡವರು ಎಷ್ಟು ಜನ? 2018ರ ಏಪ್ರಿಲ್‌ನಲ್ಲಿ ತೆಲಂಗಾಣದ ಮೆಹಬೂಬ್‌ನಗರದ ಹತ್ತಿರ ಅದು ನಡೆಯಿತು. ಒಂದು ಮುದಿ ಆಲದ ಕೊಂಬೆಗಳಿಗೆ ನೂರಾರು ಬಾಟಲಿ ತೂಗುಹಾಕಿ, ಎರಡೆರಡು ಮೀಟರಿಗೆ ಒಂದರಂತೆ ಸೂಜಿ ಚುಚ್ಚಿ, ತೊಟ್ಟು ತೊಟ್ಟಾಗಿ ಔಷಧಿ ಇಳಿಸಿದರು. ಪತ್ರಿಕೆಗಳಲ್ಲಿ ಚಿತ್ರ ನೋಡಿದ ಕೆಲವರು ನಕ್ಕರು. ‘ಮನುಷ್ಯರಿಗೇ ಬಾಟ್ಲಿ ಸಿಗಲ್ದು, ಗಿಡಕ್ಕ ಹಚ್ಯಾರ ನೋಡ್ರಿ’ ಎಂದು ಚಹಾದಂಗಡಿಯಲ್ಲಿ ಮಾತಾಯಿತು.

ನಕ್ಕು ಮರೆಯುವ ಸಂಗತಿ ಅದಾಗಿರಲಿಲ್ಲ. ಅಷ್ಟು ದೊಡ್ಡ ಮರಕ್ಕೆ ಆ ಗತಿ ಬಂದದ್ದು ಹೇಗೆ ಎಂದು ಕೇಳುತ್ತಾ ಹೋದರೆ, ಉತ್ತರದ ಕೊನೆ ನಮ್ಮ ನಮ್ಮ ಊರ ಕಟ್ಟೆಗೇ ಬಂದು ನಿಲ್ಲುತ್ತದೆ.

ಮಕ್ಕಳ ಆಲ

ಎರಡೂ ಭಾಷೆ ಬಲ್ಲ ಗಡಿನಾಡ ಓದುಗರಿಗೆ ಹೆಸರು ಬಿಡಿಸಿ ಹೇಳಬೇಕಿಲ್ಲ. ತೆಲುಗಿನಲ್ಲಿ ಪಿಲ್ಲಲು ಎಂದರೆ ಮಕ್ಕಳು, ಮರ್ರಿ ಎಂದರೆ ಆಲ. ಪಿಲ್ಲಲಮರ್ರಿ ಅಂದರೆ ಮಕ್ಕಳುಮರಿ ಕಟ್ಟಿಕೊಂಡು ನಿಂತ ಆಲ. ಮೆಹಬೂಬ್‌ನಗರ ಪಟ್ಟಣದಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಮೂರು ಎಕರೆಗೂ ಮಿಕ್ಕಿ ಹರಡಿಕೊಂಡಿದೆ. ವಯಸ್ಸು ಏಳುನೂರು ವರ್ಷ ಎಂಬುದು ಜನರ ಬಾಯಲ್ಲಿರುವ ಲೆಕ್ಕ. ದೂರದಿಂದ ನೋಡಿದರೆ ಗುಡ್ಡ, ಒಳಗೆ ಹೋದರೆ ತೋಪು. ಯಾವುದು ತಾಯಿ, ಯಾವುದು ಮಗಳು ಎಂದು ಹೇಳಲಾಗದು. ಮರದ ನೆರಳಲ್ಲಿ ಒಬ್ಬ ಮುಸ್ಲಿಂ ಸಂತರ ಸಮಾಧಿ ಇದೆ, ಪಕ್ಕದಲ್ಲೇ ಪ್ರಾಚ್ಯವಸ್ತು ಸಂಗ್ರಹಾಲಯವಿದೆ.

ಮೆಹಬೂಬ್‌ನಗರ ನಮಗೆ ಪರಸ್ಥಳವೇನಲ್ಲ. 1956ರ ತನಕ ರಾಯಚೂರು, ಕಲಬುರಗಿ, ಬೀದರಗಳೂ ಈ ಪಾಲಮೂರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಗೆರೆ ಎಳೆದ ಮೇಲೆ ಮಕ್ತಲ, ನಾರಾಯಣಪೇಟೆ, ಕೃಷ್ಣಾ ಕಡೆಯ ಕನ್ನಡ ಮನೆಗಳು ಆಚೆ ಉಳಿದವು. ಬೀಗತನ ಮಾತ್ರ ಗೆರೆ ನೋಡಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕಾಚಿಗೂಡ–ರಾಯಚೂರು ರೈಲು ದೇವರಕದ್ರ, ಮಕ್ತಲ, ಕೃಷ್ಣಾ ಮಾರ್ಗವಾಗಿ ಓಡತೊಡಗಿದ ಮೇಲಂತೂ ಹೋಗಿಬರುವುದು ಇನ್ನಷ್ಟು ಹಗುರವಾಗಿದೆ. ಆ ಸೀಮೆಯ ಮಣ್ಣು, ಬಿಸಿಲು, ಬರ ಎಲ್ಲವೂ ನಮ್ಮವೇ. ಅಲ್ಲಿನ ಮರಕ್ಕೆ ಬಂದ ಕಾಯಿಲೆ ಇಲ್ಲಿನದಕ್ಕೂ ಬರುವಂಥದ್ದೇ.

ಕೊಂಬೆ ಬಿದ್ದ ಡಿಸೆಂಬರ್

2017ರ ಡಿಸೆಂಬರ್‌ನಲ್ಲಿ ಪಿಲ್ಲಲಮರ್ರಿಯ ಒಂದು ಭಾರಿ ಕೊಂಬೆ ಕಳಚಿ ಬಿತ್ತು. ಮಳೆಗಾಳಿಯ ಕಾಲವಲ್ಲ ಅದು. ಅಧಿಕಾರಿಗಳು ಗಾಬರಿಯಾಗಿ ಪ್ರವಾಸಿಗರ ಪ್ರವೇಶ ನಿಲ್ಲಿಸಿದರು. ಪರೀಕ್ಷಿಸಿದಾಗ ಕಾಂಡದ ಒಳಗೆಲ್ಲ ಗೆದ್ದಲು ಮನೆ ಮಾಡಿತ್ತು. ಹೊರಗೆ ಹಸಿರು, ಒಳಗೆ ಪುಡಿ.

ಮೊದಲು ಕಾಂಡಕ್ಕೆ ತೂತು ಕೊರೆದು ಕ್ಲೋರ್‌ಪೈರಿಫಾಸ್ ಸುರಿದರು. ರೈತರಿಗೆ ಪರಿಚಯದ ಔಷಧಿಯೇ. ಗೆದ್ದಲಿಗೆ ಅಂಗಡಿಯವರು ಎತ್ತಿಕೊಡುವುದು ಅದನ್ನೇ. ಆದರೆ ಸುರಿದದ್ದು ನಿಲ್ಲದೆ ಹೊರಗೆ ಹರಿದುಹೋಯಿತು. ಆಗ ಹೊಳೆದದ್ದು ಸಲೈನ್ ಉಪಾಯ. ನೀರು ಬೆರೆಸಿ ತೆಳುವಾಗಿಸಿದ ಔಷಧಿ ತೊಟ್ಟಿಕ್ಕಿದರೆ ಮರ ನಿಧಾನಕ್ಕೆ ಹೀರಿಕೊಳ್ಳುತ್ತದೆ ಎಂಬ ಲೆಕ್ಕ. ಬೇರಿಗೂ ಔಷಧಿ ತಲುಪಿಸಿದರು. ಭಾರಕ್ಕೆ ಬಾಗಿದ ಕೊಂಬೆಗಳ ಕೆಳಗೆ ಕಾಂಕ್ರೀಟ್ ಆಸರೆ ಕಟ್ಟಿದರು. ಎಳೆ ಬಿಳಲುಗಳನ್ನು ಕೊಳವೆಗಳಲ್ಲಿ ಇಳಿಬಿಟ್ಟು ನೆಲ ಮುಟ್ಟಿಸುವ ಕೆಲಸವೂ ನಡೆಯಿತು.

ಮರ ಉಳಿಯಿತು. ಹಲವು ವರ್ಷ ಬೇಲಿಯಾಚೆ ವಿಶ್ರಾಂತಿ ಪಡೆಯಿತು. 2025ರ ಮೇನಲ್ಲಿ ವಿಶ್ವಸುಂದರಿ ಸ್ಪರ್ಧೆಗೆ ಬಂದಿದ್ದ ನಾನಾ ದೇಶಗಳ ಯುವತಿಯರನ್ನು ತೆಲಂಗಾಣ ಸರ್ಕಾರ ಈ ಮರ ತೋರಿಸಲು ಕರೆತಂದಿತು. ಏಳು ವರ್ಷದ ಹಿಂದೆ ಬಾಟಲಿ ತೂಗುತ್ತಿದ್ದ ಕೊಂಬೆಗಳ ಕೆಳಗೆ ಸುಂದರಿಯರ ಚಿತ್ರ ತೆಗೆದರು.

ಗೆದ್ದಲಿನ ಮೇಲೆ ಮಾತ್ರ ಸಿಟ್ಟೇಕೆ?

ಇಲ್ಲಿ ಒಂದು ಮಾತನ್ನು ರೈತರು ಗಮನಿಸಬೇಕು. ಗೆದ್ದಲಿಗೆ ಮುಖ್ಯವಾಗಿ ಬೇಕಾದದ್ದು ಸತ್ತ ಮರ. ಮೈತುಂಬ ರಸ ಹರಿಯುವ ಗಟ್ಟಿ ಮರದ ತಂಟೆಗೆ ಅದು ಸುಲಭಕ್ಕೆ ಹೋಗುವುದಿಲ್ಲ. ಹಳೆಯ ಆಲದಲ್ಲಿ ಗೆದ್ದಲು ಊರಿದೆ ಎಂದರೆ, ಅದಕ್ಕೆ ಮೊದಲೇ ಒಳಗೆಲ್ಲೋ ಮರ ಸತ್ತಿದೆ, ಕೊಳೆತಿದೆ ಎಂದೇ ಅರ್ಥ. ಗೆದ್ದಲು ಕೊನೆಗೆ ಬಂದ ನೆಂಟ. ಮೊದಲು ಬಂದವರು ಯಾರು?

ಮೊದಲು ಬಂದವರು ನಾವು. ದೊಡ್ಡ ಮರ ಎಂದಕೂಡಲೇ ಜನ ಸೇರುತ್ತಾರೆ. ಮಕ್ಕಳು ಬಿಳಲು ಹಿಡಿದು ಜೋಕಾಲಿ ಆಡುತ್ತವೆ, ಪ್ರೇಮಿಗಳು ತೊಗಟೆಯ ಮೇಲೆ ಹೆಸರು ಕೆತ್ತುತ್ತಾರೆ. ಜನ ಸೇರಿದರೆಂದು ಕಟ್ಟೆ, ಕಾಲುದಾರಿ, ಕಾಂಕ್ರೀಟು ಬರುತ್ತದೆ. ಸಾವಿರಾರು ಕಾಲು ತುಳಿದ ನೆಲ ಕಲ್ಲಾಗುತ್ತದೆ. ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಗಾಳಿಯೇ ಅದರ ಉಸಿರು. ನೆಲ ಗಟ್ಟಿಯಾದರೆ ಗಾಳಿಯೂ ಇಲ್ಲ, ನೀರೂ ಇಂಗುವುದಿಲ್ಲ.

ಬಿಳಲಿನದು ಇನ್ನೊಂದು ಕಥೆ. ಆಲದ ಕೊಂಬೆ ಅಡ್ಡಡ್ಡ ಬೆಳೆಯುತ್ತದೆ. ಅಷ್ಟುದ್ದದ ತೊಲೆಗೆ ನಡುವೆ ಕಂಬ ಬೇಕಲ್ಲ? ಆ ಕಂಬವೇ ಬಿಳಲು. ನೆಲ ಮುಟ್ಟಿದ ಬಿಳಲು ದಪ್ಪಗಾಗಿ ಕೊಂಬೆಯ ಭಾರ ಹೊರುತ್ತದೆ, ನೆಲದಿಂದ ನೀರನ್ನೂ ಎಳೆದು ಕೊಡುತ್ತದೆ. ತಲೆಗೆ ತಾಗುತ್ತದೆಂದು ನಾವು ಅದನ್ನು ಕತ್ತರಿಸುತ್ತೇವೆ, ಇಲ್ಲವೇ ಕೆಳಗೆ ಸಿಮೆಂಟು ಹಾಸುತ್ತೇವೆ. ಕೊಂಬೆ ಮಾತ್ರ ವರ್ಷ ವರ್ಷ ಉದ್ದವಾಗುತ್ತಲೇ ಹೋಗುತ್ತದೆ. ಕಂಬ ಕಿತ್ತ ಮಾಳಿಗೆ ಎಷ್ಟು ದಿನ ನಿಂತೀತು?

ಬಿಸಿಲು ಕಾಯಿತು, ಮಳೆ ಕೆಟ್ಟಿತು

ಇದೆಲ್ಲದರ ಮೇಲೆ ಈಗ ಹವಾಮಾನದ ಹೊಡೆತ. ‘ಮಳಿ ಮೊದ್ಲಿನಂಗ ಇಲ್ಲ’ ಎಂಬುದು ಈಗ ಬರೀ ಮುದುಕರ ಗೊಣಗಾಟವಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದೆ. ಅದೇ ಹೊತ್ತಿಗೆ, ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಗಳು ಶೇ. 75ರಷ್ಟು ಹೆಚ್ಚಾಗಿವೆ. ಒಟ್ಟಿನ ಮಳೆ ಕಡಿಮೆ, ಬಂದಾಗ ಬಡಿದು ಬರುವ ಮಳೆ ಜಾಸ್ತಿ. 2009ರ ಅಕ್ಟೋಬರ್‌ನಲ್ಲಿ ಮಂತ್ರಾಲಯ, ಕರ್ನೂಲು ಮುಳುಗಿದ್ದನ್ನೂ, 2015-16ರಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾದದ್ದನ್ನೂ ಕಂಡ ನಮ್ಮ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮುದಿ ಮರಕ್ಕೆ ಇದು ಹೇಗೆ ತಟ್ಟುತ್ತದೆ? ಬರಗಾಲದಲ್ಲಿ ನೀರು ಹೀರುವ ಎಳೆ ಬೇರು ಸಾಯುತ್ತವೆ. ಎರಡು ವರ್ಷ ಮೇಲಿಂದ ಮೇಲೆ ಬರ ಬಿದ್ದರೆ ಅವು ಮತ್ತೆ ಚಿಗುರುವಷ್ಟು ಸಮಯ ಸಿಗುವುದಿಲ್ಲ. ಮೇಲಿನ ಕೊಂಬೆಗಳು ತುದಿಯಿಂದ ಒಣಗುತ್ತವೆ. ಒಣಗಿದ ಕಡೆ ಅಣಬೆ ಹಿಡಿಯುತ್ತದೆ, ಹಿಂದೆಯೇ ಗೆದ್ದಲು. ಅಷ್ಟರಲ್ಲಿ ಒಂದು ದಿನ ಮೋಡ ಒಡೆದಂತೆ ಮಳೆ. ನೆಲ ಕೆಸರಾಗಿ ಬೇರಿನ ಹಿಡಿತ ಸಡಿಲವಾಗುತ್ತದೆ, ನೆನೆದ ಎಲೆಯ ಭಾರ ತಲೆ ಮೇಲೆ. ಆಗ ಬೀಸಿದ ಗಾಳಿಗೆ ನೂರಾರು ವರ್ಷದ ಮರ ಐದು ನಿಮಿಷದಲ್ಲಿ ಮಲಗುತ್ತದೆ. ಜನ ಗಾಳಿಯನ್ನು ಬಯ್ಯುತ್ತಾರೆ. ಗಾಳಿ ಕೊನೆಯ ಏಟು ಕೊಟ್ಟಿತು ಅಷ್ಟೆ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ದಕ್ಷಿಣ ಆಫ್ರಿಕಾ ಸೀಮೆಯ ಬಾವೊಬಾಬ್ ಮರಗಳು ಸಾವಿರಾರು ವರ್ಷ ಬಾಳುವಂಥವು. ಅಲ್ಲಿನ ಅತಿ ಹಳೆಯ 13 ಮರಗಳಲ್ಲಿ 9 ಮರಗಳು ಹನ್ನೆರಡೇ ವರ್ಷದೊಳಗೆ ಸತ್ತವು ಇಲ್ಲವೇ ಅವುಗಳ ಅತಿ ಹಳೆಯ ಭಾಗ ಕುಸಿಯಿತು ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹವಾಮಾನ ಬದಲಾದದ್ದು ಕಾರಣವಿರಬಹುದು ಎಂದು ಅವರ ಗುಮಾನಿ. ಅದೇ ಜಾತಿಯ ಮರಗಳು ನಮ್ಮ ಸವಣೂರಿನಲ್ಲಿವೆ. ಜನ ಅವನ್ನು ದೊಡ್ಡ ಹುಣಸೆ ಎನ್ನುತ್ತಾರೆ. ಅಲ್ಲಿದ್ದ ಮೂರರಲ್ಲಿ ಒಂದು 2023ರ ಜುಲೈ ಮಳೆಗೆ ಉರುಳಿತು. ಸವಣೂರಿನವರು ಕೈಚೆಲ್ಲದೆ ಯಂತ್ರ ತರಿಸಿ ಎತ್ತಿ ಮತ್ತೆ ನೆಡಿಸಿದರು.

ತಾಯಿ ಹೋದರೂ ಮನೆ ಉಳಿಯುತ್ತದೆ

ಆಲದ ಹೆಚ್ಚುಗಾರಿಕೆ ಎಂದರೆ, ನಡುಮರ ಹೋದರೂ ಸಂಸಾರ ಉಳಿಯುತ್ತದೆ. ಕೋಲ್ಕತ್ತ ಸಮೀಪದ ಶಿಬಪುರ ಸಸ್ಯೋದ್ಯಾನದ ಮಹಾ ಆಲದ ನಡುಕಾಂಡಕ್ಕೆ ಅಣಬೆ ರೋಗ ತಗುಲಿ 1925ರಲ್ಲಿ ಅದನ್ನು ಕಡಿದು ತೆಗೆಯಬೇಕಾಯಿತು. ನೂರು ವರ್ಷವಾಯಿತು, ಬಿಳಲುಗಳ ಮೇಲೆಯೇ ಮರ ಇನ್ನೂ ಬೆಳೆಯುತ್ತಿದೆ. ಬೆಂಗಳೂರು ಪಕ್ಕದ ಕೇತೋಹಳ್ಳಿಯ ದೊಡ್ಡ ಆಲದ ಮರದ ನಡುಕಾಂಡವೂ ರೋಗದಿಂದ ಹೋಗಿದೆ, ಉಳಿದದ್ದು ಮಕ್ಕಳು ಮೊಮ್ಮಕ್ಕಳು.

ಎಲ್ಲಕ್ಕಿಂತ ದೊಡ್ಡದು ಮಡಕಶಿರಾ ಕಡೆಯ ಓದುಗರಿಗೆ ಹತ್ತಿರದ್ದು: ಕದಿರಿ ಸೀಮೆಯ ತಿಮ್ಮಮ್ಮ ಮರ್ರಿಮಾನು. ಗಂಡನ ಚಿತೆಯೇರಿದ ತಿಮ್ಮಮ್ಮನ ಕಥೆ ಆ ಮರಕ್ಕೆ ಅಂಟಿಕೊಂಡಿದೆ. ಮಕ್ಕಳಿಲ್ಲದವರು ಹರಕೆ ಹೊರುತ್ತಾರೆ, ಶಿವರಾತ್ರಿಗೆ ಜಾತ್ರೆ ಸೇರುತ್ತದೆ. ಆದರೆ ಹೊರಜಗತ್ತಿಗೆ ಅದನ್ನು ತೋರಿಸಿಕೊಟ್ಟವರು ಬೆಂಗಳೂರಿನ ಪತ್ರಕರ್ತ, ಛಾಯಾಗ್ರಾಹಕ ರಿಗ್ರೆಟ್ ಅಯ್ಯರ್ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರ ಪ್ರಯತ್ನದಿಂದ 1989ರಲ್ಲಿ ಅದು ಗಿನ್ನೆಸ್ ದಾಖಲೆ ಪುಸ್ತಕ ಸೇರಿತು. ಹರವು 19,107 ಚದರ ಮೀಟರ್; ನಮ್ಮ ಲೆಕ್ಕದಲ್ಲಿ 4.7 ಎಕರೆ. ಅಲ್ಲಿ ಅರಣ್ಯ ಇಲಾಖೆಯವರು ಎಳೆ ಬಿಳಲುಗಳನ್ನು ಗೊಬ್ಬರ ಮಣ್ಣು ತುಂಬಿದ ಬಿದಿರಿನ ಕೊಳವೆಗಳಲ್ಲಿ ಇಳಿಸಿ ನೆಲಕ್ಕೆ ಮುಟ್ಟಿಸುತ್ತಾರೆ. ದೊಡ್ಡ ವಿಜ್ಞಾನವೇನಲ್ಲ. ಬಳ್ಳಿಗೆ ಹಂದರ ಹಾಕುವ ಯಾವ ರೈತನಿಗೂ ಬರುವ ಕೆಲಸ.

ನಮ್ಮ ಕಟ್ಟೆಯ ಬೇವು

ಈಗ ಮನೆಯ ಮಾತು. ನಮ್ಮೂರ ಕಟ್ಟೆಯ ಮೇಲೆ ಅರಳಿ, ಬೇವು ಎರಡೂ ಇದ್ದವು. ಮದುವೆ ಮಾಡಿಸಿದ ಜೋಡಿ. ಸಂತೆಯ ದಿನ ಹತ್ತಿ ವ್ಯಾಪಾರದ ಮಾತು ಮುಗಿಯುತ್ತಿದ್ದದ್ದು ಅಲ್ಲೇ, ಪಂಚಾಯಿತಿ ಕೂಡುತ್ತಿದ್ದದ್ದೂ ಅಲ್ಲೇ. ಹಳೆಯ ಕಟ್ಟೆ ಕಲ್ಲು ಮಣ್ಣಿನದು, ಸಂದಿಯಲ್ಲಿ ನೀರು ಇಳಿಯುತ್ತಿತ್ತು. ‘ಬ್ಯಾರೆ ಊರಾಗ ಚಂದ್ ಕಟ್ಯಾರ, ನಮ್ದೇನು ಕಮ್ಮಿ’ ಎಂದು ನಾವೇ ಚಂದಾ ಎತ್ತಿದೆವು. ಈ ಲೇಖಕನೂ ಕೊಟ್ಟಿದ್ದುಂಟು. ಪಾಯ ತೋಡುವಾಗ ತೊಡೆ ದಪ್ಪದ ಬೇರು ಅಡ್ಡ ಬಂದವು. ಕಡಿದೆವು. ಕಾಂಡದ ಬುಡದವರೆಗೂ ಸಿಮೆಂಟು ಮೆತ್ತಿ, ಮೇಲೆ ಬಣ್ಣದ ಟೈಲ್ಸ್ ಹಾಕಿಸಿ, ಚಂದಾ ಕೊಟ್ಟವರ ಹೆಸರಿನ ಕಲ್ಲು ನಿಲ್ಲಿಸಿದೆವು.

ಮೂರನೇ ಬೇಸಿಗೆಗೆ ಬೇವಿನ ನೆತ್ತಿ ಒಣಗಿತು. ನಾಲ್ಕನೇ ವರ್ಷ, ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಅದು ಬುಡಸಮೇತ ಮಗುಚಿತು. ಬಿದ್ದದ್ದು ರಾತ್ರಿ, ಯಾರಿಗೂ ಪೆಟ್ಟಾಗಲಿಲ್ಲ. ಬೆಳಗ್ಗೆ ನೋಡಿದರೆ ನಾವು ಪಾಯ ತೋಡಿದ ಕಡೆ ಒಂದು ಬೇರೂ ಇರಲಿಲ್ಲ. ಒಬ್ಬ ಹಿರಿಯರು ಹೆಸರಿನ ಕಲ್ಲಿನ ಕಡೆ ಕೈ ಮಾಡಿ, ‘ಕೊಂದವ್ರ ಹೆಸ್ರು ಬರ್ದೇ ಇಟ್ಟೀರಲ್ಲಪ್ಪ’ ಎಂದರು. ಅರಳಿ ಒಂಟಿಯಾಗಿ ನಿಂತಿದೆ. ಅದರ ಸುತ್ತಲ ಟೈಲ್ಸ್ ಒಡೆದು ತೆಗೆಯಲು ಇನ್ನೂ ಎರಡು ವರ್ಷ ಮಾತುಕತೆ ಬೇಕಾಯಿತು. ಕಟ್ಟಲು ಮನಸ್ಸು ಮಾಡಿದಷ್ಟು ಬೇಗ ಒಡೆಯಲು ಮಾಡುವುದಿಲ್ಲ ನೋಡಿ.

ಏನು ಮಾಡಬಹುದು?

ಹಳೆಯ ಮರ ನಿಮ್ಮ ಹೊಲದ ಬದುವಿನಲ್ಲಿರಲಿ, ಊರ ನಡುವಿರಲಿ, ಮಾಡಬೇಕಾದ್ದು ಹೆಚ್ಚಿನ ಖರ್ಚಿನದಲ್ಲ.

ಬುಡದಲ್ಲಲ್ಲ, ಅಂಚಿನಲ್ಲಿ ನೀರು: ನೀರು ಹೀರುವ ಬೇರು ಕಾಂಡದ ಬುಡದಲ್ಲಿ ಕಡಿಮೆ. ನೆರಳು ಮುಗಿಯುವ ಅಂಚಿನ ಸುತ್ತ, ಅದರಾಚೆಗೂ ಇರುತ್ತವೆ. ಬರಗಾಲದಲ್ಲಿ ಅಲ್ಲಿ ನಿಧಾನಕ್ಕೆ, ಆಳಕ್ಕೆ ಇಳಿಯುವಂತೆ ಎರಡು ಮೂರು ವಾರಕ್ಕೊಮ್ಮೆ ನೀರು ಬಿಟ್ಟರೆ ಸಾಕು. ದಿನಾ ಬುಡ ತೋಯಿಸಿದರೆ ಕೊಳೆ ಹತ್ತುತ್ತದೆ.

ಉದುರಿದ ಎಲೆಗೆ ಬೆಂಕಿ ಬೇಡ: ಗುಡಿಸಿ ಸುಡುವ ಬದಲು ನೆರಳಿನ ಕೆಳಗೇ ಹರಡಿ, ಮೇಲೆ ತಿಪ್ಪೆಗೊಬ್ಬರ ಹಾಕಿ. ನೆಲ ತಂಪಾಗಿರುತ್ತದೆ, ಎರೆಹುಳು ಬಂದು ಮಣ್ಣು ಸಡಿಲ ಮಾಡುತ್ತದೆ. ಕಾಂಡಕ್ಕೆ ತಾಗುವಂತೆ ಮಾತ್ರ ರಾಶಿ ಹಾಕಬೇಡಿ.

ಕಟ್ಟೆ ಬೇಕೇ ಬೇಕಾದರೆ: ಬೇರು ಕಡಿಯದೆ, ಸಿಮೆಂಟಿಲ್ಲದೆ, ಕಲ್ಲು ಜೋಡಿಸಿ ಕಟ್ಟಿ. ಇದ್ದ ಕಾಂಕ್ರೀಟನ್ನು ಒಮ್ಮೆಲೇ ಯಂತ್ರ ಹಚ್ಚಿ ಕೀಳದೆ, ಕೈಯಿಂದ ಸ್ವಲ್ಪ ಸ್ವಲ್ಪ ಬಿಡಿಸಿ.

ಬಿಳಲು ಕತ್ತರಿಸಬೇಡಿ: ದಾರಿಗೆ ಅಡ್ಡ ಬಂದದ್ದನ್ನು ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದು, ಸೀಳಿದ ಬಿದಿರಿನಲ್ಲೋ ಪಿ.ವಿ.ಸಿ. ಪೈಪಿನಲ್ಲೋ ಮಣ್ಣು ಗೊಬ್ಬರ ತುಂಬಿ ಇಳಿಸಿ, ತೇವ ಆರದಂತೆ ನೋಡಿಕೊಳ್ಳಿ.

ಪೊಟರೆಗೆ ಸಿಮೆಂಟು ತುಂಬಬೇಡಿ: ಒಂದು ಕಾಲಕ್ಕೆ ತಿಳಿದವರೇ ಇದನ್ನು ಮಾಡುತ್ತಿದ್ದರು. ಒಳಗೆ ನೀರು ನಿಂತು ಕೊಳೆ ಹೆಚ್ಚುತ್ತದೆ ಎಂದು ಈಗ ಕೈಬಿಟ್ಟಿದ್ದಾರೆ. ಒಣಗಿದ ಕೊಂಬೆಯನ್ನು ಕೊಡಲಿಯಿಂದ ಸೀಳದೆ ಗರಗಸದಿಂದ, ಬುಡದ ಉಬ್ಬು ಉಳಿಸಿ ಕೊಯ್ಯಿರಿ. ಆ ಉಬ್ಬಿನಿಂದಲೇ ಮರ ಗಾಯ ಮುಚ್ಚಿಕೊಳ್ಳುತ್ತದೆ.

ಔಷಧಿ ಕೊನೆಗೆ: ಪಿಲ್ಲಲಮರ್ರಿಯಲ್ಲಿ ಮಾಡಿದರೆಂದು ನೀವೇ ತೂತು ಕೊರೆದು ಕ್ಲೋರ್‌ಪೈರಿಫಾಸ್ ಇಳಿಸಲು ಹೋಗಬೇಡಿ. ಅದು ವಿಷ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ಕೈಬಿಡಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿವೆ. ಹುಣಸೆ ಮಾವಿನ ಹಣ್ಣು ತಿನ್ನುವವರು ನಾವು, ಆಲದ ಸೊಪ್ಪು ತಿನ್ನುವುದು ನಮ್ಮ ಆಡು. ಗೆದ್ದಲಿನ ಮಣ್ಣುದಾರಿ ಕಂಡರೆ ಕೆರೆದು ಹಾಕಿ, ಒಳಗೆ ಎಷ್ಟು ಸತ್ತಿದೆ ಎಂದು ಅರಣ್ಯ ಅಥವಾ ತೋಟಗಾರಿಕೆ ಇಲಾಖೆಯವರಿಂದ ನೋಡಿಸಿ.

ಇವೆಲ್ಲಕ್ಕೂ ಮೊದಲು ಒಂದು ಗೂಟ ನೆಡಿ. ಆಲದ ಗಟ್ಟಿ ಕೊಂಬೆ ತಂದು ಮಳೆಗಾಲದಲ್ಲಿ ನೆಟ್ಟರೆ ಚಿಗುರುತ್ತದೆ. ಅಜ್ಜ ಬದುಕಿರುವಾಗಲೇ ಮೊಮ್ಮಗ ಹುಟ್ಟಿದರೆ ಚೆಂದ.

ರಸ್ತೆಯೋ ಮರವೋ

ಎಲ್ಲ ಕಡೆ ಉತ್ತರ ಇಷ್ಟು ಸರಳವಾಗಿಲ್ಲ. ಹೈದರಾಬಾದ್–ವಿಜಯಪುರ ಹೆದ್ದಾರಿಯಲ್ಲಿ ಚೇವೆಳ್ಳ ಆಸುಪಾಸು ಸುಮಾರು 900 ಆಲದ ಮರಗಳ ಸಾಲಿದೆ. ಕೊಡಂಗಲ್ ಮೇಲಿಂದ ತೊಗರಿ, ಹತ್ತಿ ಲಾರಿ ಹೊಡೆಸುವ ನಮ್ಮ ವ್ಯಾಪಾರಸ್ಥರು ಆ ನೆರಳಲ್ಲಿ ಊಟ ಮಾಡಿದವರೇ. ರಸ್ತೆ ಅಗಲ ಮಾಡಲು ಮರ ತೆಗೆಯಬೇಕೆಂದಾಗ ಹೈದರಾಬಾದಿನ ಮರಪ್ರೇಮಿಗಳು ಹಸಿರು ನ್ಯಾಯಮಂಡಳಿಗೆ ಹೋದರು, ಕೆಲಸ ವರ್ಷಗಟ್ಟಲೆ ಕುಂಟಿತು. 2025ರ ನವೆಂಬರ್‌ನಲ್ಲಿ ಅದೇ ರಸ್ತೆಯ ಮಿರ್ಜಾಗೂಡ ಬಳಿ ಬಸ್ಸಿಗೆ ಟಿಪ್ಪರ್ ಅಪ್ಪಳಿಸಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಮನೆಯವರ ಎದುರು ನಿಂತು ಮರದ ಪರ ಮಾತಾಡುವುದು ಕಷ್ಟ. ಹಾಗೆಂದು ಕಡಿದ ಮೇಲೆ ನೂರು ವರ್ಷದ ಮರವನ್ನು ಯಾವ ಟೆಂಡರ್ ಕರೆದೂ ತರಲಾಗದು. ಕೆಲವನ್ನು ಬಳಸಿ ರಸ್ತೆ ತಿರುಗಿಸುವುದು, ಆಗದವನ್ನು ಬೇರುಸಮೇತ ಸಾಗಿಸುವುದು, ಸಾಗಿಸಿದ್ದಕ್ಕೆ ಮೂರು ನಾಲ್ಕು ಬೇಸಿಗೆ ನೀರು ಹಾಕುವುದು. ಈ ಮೂರನೆಯ ಕೆಲಸದಲ್ಲೇ ನಾವು ಸಾಮಾನ್ಯವಾಗಿ ಸೋಲುವುದು.

ಕಾನೂನು ಎಲ್ಲ ಕಡೆಯೂ ಇದೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ. ಆಂಧ್ರ, ತೆಲಂಗಾಣಗಳಲ್ಲಿ 2002ರ ನೀರು, ನೆಲ, ಮರಗಳ ಕಾಯ್ದೆ, ಜನರ ಬಾಯಲ್ಲಿ ‘ವಾಲ್ಟಾ’. ಮಹಾರಾಷ್ಟ್ರ 2021ರಲ್ಲಿ ತಿದ್ದುಪಡಿ ತಂದು ನಗರಗಳಲ್ಲಿ 50 ವರ್ಷ ದಾಟಿದ ಮರಕ್ಕೆ ಪಾರಂಪರಿಕ ಮರದ ಸ್ಥಾನ ಕೊಟ್ಟಿತು. ದೇವನಹಳ್ಳಿ ಬಳಿಯ ನಲ್ಲೂರಿನ 54 ಎಕರೆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಕಾನೂನು ಕಡಿಯುವವನ ಕೈ ಹಿಡಿಯಬಲ್ಲದು, ನೀರು ಹಾಕಲು ಬರುವುದಿಲ್ಲ. ಆ ಕೆಲಸ ಊರಿನದೇ.

ಕನ್ನಡದಲ್ಲಿ ಆಲ, ತೆಲುಗಿನಲ್ಲಿ ಮರ್ರಿ, ಮರಾಠಿಯಲ್ಲಿ ವಡ, ಮಲಯಾಳದಲ್ಲಿ ಪೇರಾಲ್. ಹೆಸರು ಬೇರೆಯಾದರೂ ಬಿಳಲು ಇಳಿಯುವುದು ಒಂದೇ ರೀತಿ. ನಮ್ಮೂರ ಅರಳಿಯ ಬುಡದಲ್ಲಿ ಟೈಲ್ಸ್ ಒಡೆದ ಜಾಗಕ್ಕೆ ಕಳೆದ ಬೇಸಿಗೆ ಹುಡುಗರು ಬಂಡಿ ಗೊಬ್ಬರ ಹಾಕಿ ನೀರು ಬಿಟ್ಟರು. ಒಣಗಿದ್ದ ಪೂರ್ವದ ಕೊಂಬೆಯಲ್ಲಿ ಕೆಂಪು ಚಿಗುರು ಮೂಡಿದೆ. ಹೆಸರಿನ ಕಲ್ಲು ಈಗಲೂ ಅಲ್ಲೇ ಇದೆ. ಕಿತ್ತು ಹಾಕೋಣ ಎಂದರು ಕೆಲವರು. ಬೇಡ, ಇರಲಿ, ಮಕ್ಕಳು ಓದಲಿ ಎಂದಿದ್ದೇವೆ.